ಬೆಣೆ ಗಾಡಿಯಲ್ಲೇ ಉಳಿದ ದಿನ: ಚೈನ್‌ಸಾ ಕೆಲಸಕ್ಕೆ ನಾನು ಸಾಮಾನು ಕಟ್ಟಿಕೊಳ್ಳುವ ರೀತಿ

ನಾಳೆ ಮರ ಕುಯ್ಯಲು ಹೋಗಬೇಕು ಅಂದರೆ ನನ್ನ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ಎಲ್ಲ ಸಾಮಾನನ್ನೂ ನೆಲದ ಮೇಲೆ ಹರಡಿಕೊಂಡು ಕೂರುತ್ತೇನೆ. ಬೆಳಿಗ್ಗೆ ಅವಸರದಲ್ಲಿ ಕಟ್ಟಿಕೊಂಡು ಹೊರಟ ದಿನ ಏನಾದರೊಂದು ಮರೆತೇ ಹೋಗಿದೆ. ಒಂದು ಸಲ ಚೈನ್ ಹರಿತ ಮಾಡುವ ಅರ, ಒಂದು ಸಲ ಚೈನ್‌ಗೆ ಹೋಗುವ ಬಾರ್ ಆಯಿಲ್, ಒಂದು ಸಲ ಕನ್ನಡಕ.

ಆದರೆ ನನಗೆ ದೊಡ್ಡ ಪಾಠ ಕಲಿಸಿದ್ದು ಮರೆತ ಸಾಮಾನಲ್ಲ, ತಂದಿದ್ದ ಸಾಮಾನು. ಗಾಳಿಗೆ ಬಿದ್ದ ಒಂದು ಮರವನ್ನು ತುಂಡು ಮಾಡುತ್ತಿದ್ದೆ. ಬುಡ ಒಂದು ದಿಬ್ಬದ ಮೇಲೆ, ತುದಿ ಇನ್ನೊಂದು ದಿಬ್ಬದ ಮೇಲೆ, ನಡುವಿನ ಕಾಂಡ ನೆಲಕ್ಕೆ ತಾಗದೆ ತೂಗುತ್ತಿತ್ತು. ಹೀಗೆ ಬಿದ್ದ ಮರದಲ್ಲಿ ಮೇಲ್ಭಾಗ ಅಮುಕಿಕೊಂಡಿರುತ್ತದೆ, ಕೆಳಭಾಗ ಬಿಗಿದುಕೊಂಡಿರುತ್ತದೆ. ಮೇಲಿನಿಂದ ಸ್ವಲ್ಪ ಕುಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕುಯ್ಯಬೇಕು. ಗೊತ್ತಿತ್ತು ನನಗೆ. ಆದರೂ ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಮೇಲಿನಿಂದಲೇ ಇಳಿಸಿದೆ. ಸೀಳು ಮುಚ್ಚಿಕೊಂಡಿತು, ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ, ಅಂದರೆ ಬಾರ್, ಒಳಗೇ ಸಿಕ್ಕಿಬಿತ್ತು. ಸೀಳು ಮುಚ್ಚದಂತೆ ಬಡಿಯುವ ಬೆಣೆಗಳೆಲ್ಲ ಗಾಡಿಯಲ್ಲಿದ್ದವು. ಗಾಡಿಗೆ ಹೋಗಿಬರಲು ಏರುದಾರಿಯಲ್ಲಿ ಇಪ್ಪತ್ತು ನಿಮಿಷ ಬೇಕು. ಬೆಳಿಗ್ಗೆಯಿಂದ ಕುಯ್ದು ಕೈಕಾಲು ಸೋತಿದ್ದವು. ಮೆಷಿನ್ ಆಫ್ ಮಾಡಿ, ಕಾಂಡಕ್ಕೆ ಕಾಲು ಕೊಟ್ಟು, ಹಿಡಿಕೆ ಹಿಡಿದು ಎಳೆಯುತ್ತಾ ನಿಂತೆ. ಅರ್ಧ ಕುಯ್ದಿದ್ದ ಕಾಂಡ ಲಟಕ್ಕನೆ ಮುರಿದು ಉರುಳಿ ನನ್ನ ಬೂಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬಾರ್ ಬಗ್ಗಿಹೋಗಿತ್ತು. ಕಾಲು ಉಳಿಯಿತು.

ಆವತ್ತು ಸಾಮಾನು ಇತ್ತು, ಕೈಗೆ ಸಿಗುವ ಜಾಗದಲ್ಲಿ ಇರಲಿಲ್ಲ. ದಣಿದವರು ಅಷ್ಟು ದೂರ ನಡೆದು ಬೆಣೆ ತರುವುದಿಲ್ಲ, ಇರುವುದರಲ್ಲೇ ಏನಾದರೂ ಮಾಡಲು ನೋಡುತ್ತಾರೆ. ಅಪಾಯ ಆಗುವುದು ಅಲ್ಲೇ. ಅದಕ್ಕೇ ಈಗ ಕಟ್ಟುವಾಗ ಏನೇನು ಬೇಕು ಅನ್ನುವುದರ ಜೊತೆಗೆ ಎಲ್ಲಿರಬೇಕು ಅಂತಲೂ ಕೇಳಿಕೊಳ್ಳುತ್ತೇನೆ. ಮೈಮೇಲೆ ಇರಬೇಕಾದದ್ದು ಒಂದು ಗುಂಪು. ಮರದ ಹತ್ತಿರ ಬಕೆಟ್ಟಿನಲ್ಲಿ ಇರಬೇಕಾದದ್ದು ಇನ್ನೊಂದು. ಗಾಡಿಯಲ್ಲಿ ಇದ್ದರೆ ಸಾಕು ಅನ್ನುವುದು ಮೂರನೆಯದು. ನೆಲದ ಮೇಲೆ ಹರಡುವಾಗಲೇ ಮೂರು ರಾಶಿ ಮಾಡುತ್ತೇನೆ.

ಮೈಮೇಲಿನ ರಾಶಿಯಲ್ಲಿ ಮೊದಲು ಪ್ಯಾಂಟು. ಚೈನ್‌ಸಾ ಪ್ಯಾಂಟಿನ ಒಳಗೆ ಉದ್ದನೆಯ ನಾರಿನ ಪದರಗಳಿರುತ್ತವೆ. ಓಡುತ್ತಿರುವ ಚೈನ್ ಬಟ್ಟೆಗೆ ತಗುಲಿದರೆ ಹೊರಗಿನ ಬಟ್ಟೆ ಹರಿಯುತ್ತದೆ, ಒಳಗಿನ ನಾರು ಎಳೆದುಕೊಂಡು ಬಂದು ಚೈನ್ ಓಡಿಸುವ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಮೆಷಿನ್ನನ್ನೇ ನಿಲ್ಲಿಸುತ್ತದೆ. ಕತ್ತರಿಸಲಾಗದ ಬಟ್ಟೆ ಅಂತ ಇದನ್ನು ತಿಳಿದವರು ತುಂಬಾ ಜನ. ಇದು ಕತ್ತರಿಸಿಕೊಂಡೇ ಕಾಪಾಡುವ ಬಟ್ಟೆ. ಯುರೋಪಿನ ಗುಣಮಟ್ಟದ ಪ್ರಕಾರ ಇದರಲ್ಲಿ ದರ್ಜೆಗಳಿವೆ. ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವ ಚೈನ್‌ಗೆ ಪರೀಕ್ಷೆ ಮಾಡಿದ್ದು, ಕ್ಲಾಸ್ 2 ಅಂದರೆ 24 ಮೀಟರ್, ಕ್ಲಾಸ್ 3 ಅಂದರೆ 28 ಮೀಟರ್. ಟೈಪ್ ಎ ಪ್ಯಾಂಟಿನಲ್ಲಿ ಪದರ ಕಾಲಿನ ಮುಂಭಾಗದಲ್ಲಿರುತ್ತದೆ, ಟೈಪ್ ಸಿ ಆದರೆ ಸುತ್ತಲೂ ಇರುತ್ತದೆ. ಒಂದು ಸಲ ಚೈನ್ ತಗುಲಿ ನಾರು ಎದ್ದ ಪ್ಯಾಂಟನ್ನು ಹೊಲಿದು ಮತ್ತೆ ಹಾಕಬೇಡಿ. ಒಳಗಿನ ಪದರ ಹಾಳಾಗಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಟ್ಟುವ ಮೊದಲು ನಾನು ಎರಡೂ ಕಾಲನ್ನು ಬೆಳಕಿಗೆ ಹಿಡಿದು ಸಣ್ಣ ತೂತು, ಹರುಕು ಇದೆಯಾ ಅಂತ ಸವರಿ ನೋಡುತ್ತೇನೆ. ಸೆಕೆ ಇದೆ ಅಂತ ಇದನ್ನು ಗಾಡಿಯಲ್ಲಿ ಬಿಟ್ಟು ಹೋಗುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹೆಲ್ಮೆಟ್, ಅದಕ್ಕೆ ಸೇರಿದ ಜಾಲರಿ, ಇಯರ್ ಮಫ್ ಒಂದೇ ಸೆಟ್. ಜಾಲರಿ ಚಕ್ಕೆಯನ್ನು ತಡೆಯುತ್ತದೆ, ಸಣ್ಣ ಹುಡಿಯನ್ನು ತಡೆಯುವುದಿಲ್ಲ. ಅದಕ್ಕೇ ಒಳಗೆ ಕನ್ನಡಕ ಕೂಡ ಹಾಕುತ್ತೇನೆ. ಹೆಲ್ಮೆಟ್ಟಿನ ಒಳಗೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಆದ್ದರಿಂದ ಅದನ್ನು ಓದಿ ಕಾಲಕಾಲಕ್ಕೆ ಬದಲಾಯಿಸಬೇಕು. ಕಿವಿಯ ವಿಷಯ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ, ಆಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಅಷ್ಟೇ. ಪೆಟ್ರೋಲ್ ಮೆಷಿನ್ ಪೂರ್ತಿ ಓಡುವಾಗ ಸದ್ದು ಅದಕ್ಕಿಂತಲೂ ಜಾಸ್ತಿ. ಒಂದೇ ಒಂದು ಕೊಂಬೆ ಅಲ್ವಾ ಅಂತ ಮಫ್ ಇಲ್ಲದೆ ಸ್ಟಾರ್ಟ್ ಮಾಡುವ ಅಭ್ಯಾಸವನ್ನು ನಾನು ಬಿಟ್ಟೇಬಿಟ್ಟೆ.

ಬೂಟು ಪಾದದ ಮೇಲೆ ಚೈನ್ ತಡೆಯುವ ಪದರ ಇರುವಂಥದ್ದು, ಬೆರಳಿಗೆ ಉಕ್ಕಿನ ಟೋಪಿ ಇರುವಂಥದ್ದು. ಗ್ಲೌಸ್ ಎರಡು ಜೊತೆ, ಒಂದು ಬೆವರಿಗೋ ಮಳೆಗೋ ನೆನೆದರೆ ಇನ್ನೊಂದು. ಒದ್ದೆ ಗ್ಲೌಸಿನಲ್ಲಿ ಹಿಡಿತ ಜಾರುತ್ತದೆ. ಬಾರ್‌ನ ಮೂತಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಗುಲಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಎಗರುತ್ತದೆ. ಆಗ ಅದನ್ನು ಹಿಡಿದಿಡಬೇಕಾದದ್ದು ಮುಂದಿನ ಹಿಡಿಕೆಗೆ ಹೆಬ್ಬೆರಳು ಸುತ್ತಿದ ಎಡಗೈ.

ಇನ್ನು ಸೊಂಟದ ಬೆಲ್ಟು. ಇದರಲ್ಲಿ ಎರಡು ಬೆಣೆ, ಮೆಷಿನ್ನಿನ ಜೊತೆ ಬರುವ ಸ್ಪ್ಯಾನರ್, ಸೀಟಿ, ಒಂದು ಸಣ್ಣ ಚೀಲ. ಬೆಣೆ ಪ್ಲಾಸ್ಟಿಕ್‌ನದ್ದೇ ಇರಬೇಕು. ಕಬ್ಬಿಣದ ಬೆಣೆಗೆ ಚೈನ್ ತಗುಲಿದರೆ ಹಲ್ಲು ಹಾಳಾಗುತ್ತದೆ, ಚೂರು ಸಿಡಿಯಲೂಬಹುದು. ನಿಂತ ಮರವನ್ನು ಹಿಂದಿನಿಂದ ಕುಯ್ಯುವಾಗ ಬಾರ್‌ನ ಹಿಂದೆ ಜಾಗ ಆದ ತಕ್ಷಣ ಬೆಣೆ ಸೇರಿಸಬೇಕು. ಮರ ಹಿಂದಕ್ಕೆ ಕೂತ ಮೇಲೆ ಹುಡುಕಿದರೆ ತಡವಾಯಿತು.

ಆ ಸಣ್ಣ ಚೀಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ರಕ್ತ ನಿಲ್ಲಿಸುವ ಚೀಲ. ದೊಡ್ಡ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗಾಡಿಯಲ್ಲಿದೆ, ಮುಳ್ಳು ಚುಚ್ಚಿದರೆ, ಸಣ್ಣಪುಟ್ಟ ಗಾಯ ಆದರೆ ಅದು ಸಾಕು. ಚೈನ್ ಮಾಡುವ ಗಾಯ ಹಾಗಿರುವುದಿಲ್ಲ. ಅದು ಚಾಕುವಿನಂತೆ ಸೀಳುವುದಿಲ್ಲ, ಮಾಂಸವನ್ನು ಕಿತ್ತುಕೊಂಡು ಹೋಗುತ್ತದೆ. ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗಬಹುದು, ಗಾಡಿಯವರೆಗೆ ನಡೆಯುವ ಸಮಯ ಇರುವುದಿಲ್ಲ. ಅದಕ್ಕೇ ಒಂದು ಟೂರ್ನಿಕೆಟ್, ಒತ್ತಿ ಕಟ್ಟುವ ಅಗಲದ ಬ್ಯಾಂಡೇಜು, ಗಾಯದೊಳಗೆ ತುಂಬಲು ಗಾಜ್ ಬಟ್ಟೆ, ಒಂದು ಮಾರ್ಕರ್ ಪೆನ್ನು ಯಾವಾಗಲೂ ಹೊಟ್ಟೆಯ ಮುಂದೆಯೇ ಇರುತ್ತವೆ. ಬೆನ್ನ ಹಿಂದೆ ಬೇಡ, ಒಂದು ಕೈಗೆ ಪೆಟ್ಟಾದರೂ ಇನ್ನೊಂದು ಕೈಗೆ ಸಿಗಬೇಕು. ಟೂರ್ನಿಕೆಟ್ ಅಂದರೆ ಕೈಗೋ ಕಾಲಿಗೋ ಸುತ್ತಿ, ಅದರ ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಕಟ್ಟಬೇಕು, ಮೊಣಕಾಲು ಮೊಣಕೈ ಕೀಲಿನ ಮೇಲೆ ಕಟ್ಟಬಾರದು, ರಕ್ತ ನಿಲ್ಲುವವರೆಗೆ ಬಿಗಿಯಬೇಕು, ಕಟ್ಟಿದ ಸಮಯ ಬರೆಯಬೇಕು, ಆಮೇಲೆ ನೋವಾಗುತ್ತದೆ ಅಂತ ಸಡಿಲಿಸಬಾರದು. ಓದಿದರೆ ಸಾಲದು. ಒಂದು ತರಬೇತಿಯಲ್ಲಿ ಕೈಯಾರೆ ಕಟ್ಟಿ ಕಲಿಯಿರಿ, ಜೊತೆಗೆ ಬರುವವರಿಗೂ ಕಲಿಸಿ. ಹೌದು, ಜೊತೆಗೆ ಒಬ್ಬರು ಇರಲೇಬೇಕು. ಒಬ್ಬನೇ ಹೋಗುವ ದಿನ ನಾನು ಚೈನ್‌ಸಾ ಕಟ್ಟುವುದೇ ಇಲ್ಲ. ಕೆಲಸದ ಜಾಗ ಎಲ್ಲಿದೆ, ಯಾವ ದಾರಿಯಲ್ಲಿ ಗಾಡಿ ಬರಬಹುದು ಅಂತ ಒಂದು ಚೀಟಿಯಲ್ಲಿ ಬರೆದು ಆ ಚೀಲದಲ್ಲೇ ಇಡುತ್ತೇನೆ. ಗಾಬರಿಯಲ್ಲಿ ಫೋನ್ ಮಾಡುವವರ ಬಾಯಿಗೆ ದಾರಿ ಬರುವುದಿಲ್ಲ.

ಎರಡನೆಯ ರಾಶಿ ಬಕೆಟ್ಟಿಗೆ. ಬಕೆಟ್ಟೇ ಯಾಕೆ ಅಂದರೆ ಚೀಲದಲ್ಲಿ ಸಣ್ಣ ಸಾಮಾನು ತಳ ಸೇರಿಬಿಡುತ್ತದೆ, ಬಕೆಟ್ಟಿನಲ್ಲಿ ಎಲ್ಲ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಹರಿತ ಮಾಡಿದ ಎರಡು ಚೈನ್ ಇರುತ್ತವೆ. ಮಣ್ಣಿಗೋ ಕಲ್ಲಿಗೋ ಮರದೊಳಗಿನ ಮೊಳೆಗೋ ಒಂದು ಸಲ ತಗುಲಿದರೆ ಸಾಕು, ಚೈನ್ ಮೊಂಡಾಗುತ್ತದೆ. ಮೊಂಡು ಚೈನ್ ಅಂದರೆ ಬಲ ಕೊಟ್ಟು ಒತ್ತುವುದು, ಒತ್ತಿದರೆ ಬೇಗ ದಣಿವು. ಸೀಳಿನಿಂದ ತರಿಯಾದ ಚಕ್ಕೆ ಬರುವುದು ನಿಂತು ನುಣ್ಣನೆ ಹುಡಿ ಬರತೊಡಗಿದರೆ ಚೈನ್ ಬದಲಾಯಿಸುತ್ತೇನೆ, ಮೊಂಡಾದದ್ದನ್ನು ಮನೆಗೆ ಬಂದು ನಿಧಾನವಾಗಿ ಅರ ಹಾಕುತ್ತೇನೆ. ಹೊಸ ಚೈನ್ ತರುವಾಗ ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ), ಗೇಜ್ (ಬಾರ್‌ನ ಸಂದಿಯಲ್ಲಿ ಓಡುವ ಕೊಂಡಿಯ ದಪ್ಪ), ಆ ಒಳಗಿನ ಕೊಂಡಿಗಳ, ಅಂದರೆ ಡ್ರೈವ್ ಲಿಂಕ್‌ಗಳ, ಸಂಖ್ಯೆ ಮೂರೂ ಹೊಂದಬೇಕು. ಒಂದು ಸಲ ಒಂದು ಲಿಂಕ್ ಜಾಸ್ತಿ ಇರುವ ಚೈನ್ ಕಟ್ಟಿಕೊಂಡು ಹೋಗಿ ಅರ್ಧ ದಿನ ಕಳೆದುಕೊಂಡೆ. ಈಗ ರಾತ್ರಿಯೇ ಬಾರ್‌ಗೆ ಹಾಕಿ ನೋಡಿ ಆಮೇಲೆ ಬಕೆಟ್ಟಿಗೆ ಹಾಕುತ್ತೇನೆ.

ಆದರೂ ಅರ ಬೇಕು. ಅರದ ಅಳತೆ ಚೈನ್ ನೋಡಿಕೊಂಡು. .325 ಇಂಚಿನ ಪಿಚ್‌ಗೆ ಸಾಮಾನ್ಯವಾಗಿ 4.8 ಮಿಲಿಮೀಟರ್ ದುಂಡನೆ ಅರ, ಸಣ್ಣ ಮೆಷಿನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಲಿಮೀಟರ್. ಅದರ ಜೊತೆ ಒಂದು ಚಪ್ಪಟೆ ಅರ, ಹಲ್ಲಿನ ಮುಂದಿನ ಉಬ್ಬಿನ ಎತ್ತರ ನೋಡುವ ಅಳತೆಪಟ್ಟಿ. ಅರಗಳನ್ನು ಪೈಪ್ ತುಂಡಿನೊಳಗೆ ಇಡುತ್ತೇನೆ, ಒಂದಕ್ಕೊಂದು ಉಜ್ಜಿದರೆ ಅವೂ ಮೊಂಡಾಗುತ್ತವೆ. ಇನ್ನು ಒಂದು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಹಳೆಯ ಬ್ರಷ್, ಬಾರ್ ಬಿಗಿಯುವ ಎರಡು ನಟ್. ಆ ನಟ್ ಸೊಪ್ಪಿನೊಳಗೆ ಬಿದ್ದರೆ ಸಿಗುವುದಿಲ್ಲ, ಅದಿಲ್ಲದಿದ್ದರೆ ದಿನದ ಕೆಲಸವೇ ಮುಗಿಯಿತು. ಬೆಣೆ ಹೊಡೆಯಲು ಸಣ್ಣ ಕೊಡಲಿ. ಇನ್ನೂ ಎರಡು ಬೆಣೆ.

ಪೆಟ್ರೋಲನ್ನು ಹಿಂದಿನ ದಿನವೇ ಬೆರೆಸುತ್ತೇನೆ. ನನ್ನ ಮೆಷಿನ್‌ಗೆ 50ಕ್ಕೆ 1, ಅಂದರೆ 5 ಲೀಟರ್‌ಗೆ 100 ಮಿಲಿ ಟೂ ಸ್ಟ್ರೋಕ್ ಆಯಿಲ್. ನಿಮ್ಮದು 40ಕ್ಕೆ 1 ಆದರೆ 125 ಮಿಲಿ. ಆಯಿಲ್ ಹಾಕದ ಪೆಟ್ರೋಲ್ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆದ್ದರಿಂದ ಬೆರೆಸಿದ ಕೂಡಲೇ ಕ್ಯಾನಿನ ಮೇಲೆ ತಾರೀಖು ಬರೆಯುತ್ತೇನೆ. ತಾರೀಖು ಇಲ್ಲದ ಕ್ಯಾನ್ ಅಂದರೆ ಬೆರೆಸಿಲ್ಲ ಅಂತಲೇ ಲೆಕ್ಕ. ತಿಂಗಳು ದಾಟಿದ್ದನ್ನು ಬಳಸುವುದಿಲ್ಲ. ಒಂದು ಟ್ಯಾಂಕ್ ಪೆಟ್ರೋಲಿಗೆ ಸುಮಾರಾಗಿ ಒಂದು ಟ್ಯಾಂಕ್ ಬಾರ್ ಆಯಿಲ್ ಖರ್ಚಾಗುತ್ತದೆ. ಪೆಟ್ರೋಲ್ ಮುಗಿದರೂ ಬಾರ್ ಆಯಿಲ್ ಹಾಗೇ ಉಳಿದಿದ್ದರೆ ಆಯಿಲ್ ಚೈನ್‌ಗೆ ಬರುತ್ತಿಲ್ಲ ಅಂತ ಅರ್ಥ, ದಾರಿ ಕಟ್ಟಿದೆಯಾ ನೋಡಬೇಕು. ಕ್ಯಾನ್ ತುಂಬಿಸುವಾಗ ನೆಲದ ಮೇಲೆ ಇಟ್ಟೇ ತುಂಬಿಸಿ, ಗಾಡಿಯ ಮೇಲಿಟ್ಟು ಬೇಡ. ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಕೆಲಸದ ಜಾಗದಲ್ಲೂ ಅಷ್ಟೇ, ಮೆಷಿನ್ ಸ್ವಲ್ಪ ತಣ್ಣಗಾಗಲು ಬಿಟ್ಟು ತುಂಬಿಸಿ, ಅಲ್ಲಿಂದ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ. ಕುಡಿಯುವ ನೀರಿನ ಬಾಟಲಿಯಂಥದ್ದರಲ್ಲಿ ಪೆಟ್ರೋಲಾಗಲಿ ಆಯಿಲಾಗಲಿ ಯಾವ ಕಾರಣಕ್ಕೂ ತುಂಬಬೇಡಿ.

ಗಾಡಿಯ ರಾಶಿ ಸುಲಭ. ಇನ್ನೊಂದು ಬಾರ್, ಕೈಗರಗಸ, ಉದ್ದದ ಹಗ್ಗ, ಬೆಂಕಿ ಆರಿಸುವ ಸಿಲಿಂಡರ್, ಜಾಸ್ತಿ ನೀರು, ಒಣ ಬಟ್ಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇನ್ನೊಂದು ಮೆಷಿನ್ ಇದ್ದರೆ ಒಳ್ಳೆಯದು, ಒಂದು ಸಿಕ್ಕಿಕೊಂಡರೆ ಬಿಡಿಸಲು ಬರುತ್ತದೆ. ಪೆಟ್ರೋಲ್ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಕಟ್ಟುತ್ತೇನೆ, ಜನ ಕೂರುವ ಕಡೆ ಇಡುವುದಿಲ್ಲ. ಮೆಷಿನ್ನಿನ ಬಾರ್‌ಗೆ ಕವರ್ ಹಾಕದೆ ಗಾಡಿ ಹತ್ತಿಸುವುದಿಲ್ಲ.

ಕಟ್ಟುವ ಮೊದಲು ಮೆಷಿನ್ನನ್ನು ಅಂಗಳದಲ್ಲಿ ಒಂದು ಸಲ ಸ್ಟಾರ್ಟ್ ಮಾಡುತ್ತೇನೆ. ಚೈನ್ ಓಡುತ್ತಿರುವಾಗ ಬ್ರೇಕ್ ಮುಂದಕ್ಕೆ ತಳ್ಳಿದರೆ ತಕ್ಷಣ ನಿಲ್ಲಬೇಕು. ಆಕ್ಸಿಲರೇಟರ್ ಬಿಟ್ಟಾಗ ಚೈನ್ ಓಡಬಾರದು. ಹಿಂದಿನ ಹಿಡಿಕೆಯ ಲಾಕ್ ಒತ್ತದೆ ಆಕ್ಸಿಲರೇಟರ್ ಒತ್ತಲು ಬರಬಾರದು. ಚೈನ್ ಕಡಿದರೆ ಹಿಡಿಯುವ ಚೈನ್ ಕ್ಯಾಚರ್ ಮುರಿದಿರಬಾರದು. ಇವುಗಳಲ್ಲಿ ಒಂದು ಸರಿ ಇಲ್ಲದಿದ್ದರೂ ಮೆಷಿನ್ ಮನೆಯಲ್ಲೇ ಉಳಿಯುತ್ತದೆ. ರಾತ್ರಿ ಮಲಗುವ ಮೊದಲು ಗಾಳಿಯ ಮುನ್ಸೂಚನೆ ನೋಡುತ್ತೇನೆ, ಜೋರು ಗಾಳಿ ಇದ್ದರೆ ನಿಂತ ಮರದ ಕೆಲಸ ಮುಂದಕ್ಕೆ.

ಸಂಜೆ ವಾಪಸ್ ಹೊರಡುವಾಗ ಚೈನ್ ಸ್ವಲ್ಪ ಸಡಿಲಿಸುತ್ತೇನೆ. ಬಿಸಿಯಲ್ಲಿ ಹಿಗ್ಗಿದ ಚೈನ್ ಬಿಗಿಯಾಗಿಯೇ ಉಳಿದರೆ ತಣ್ಣಗಾಗುವಾಗ ಕುಗ್ಗಿ ಬಾರನ್ನೂ ಒಳಗಿನ ಶಾಫ್ಟನ್ನೂ ಎಳೆಯುತ್ತದೆ. ಬೆಣೆ ಎಣಿಸುತ್ತೇನೆ, ನಾಲ್ಕು ಇರಬೇಕು. ಏನು ಮುಗಿದಿದೆ, ಏನು ಮುರಿದಿದೆ, ಗಾಡಿಯಿಂದ ಏನು ತರಲು ಓಡಬೇಕಾಯಿತು ಅಂತ ಅಲ್ಲೇ ಒಂದು ಚೀಟಿ ಬರೆದು ಹೆಲ್ಮೆಟ್ಟಿನ ಒಳಗೆ ಸಿಕ್ಕಿಸುತ್ತೇನೆ. ಹಾಗೆ ಓಡಿ ತಂದ ಸಾಮಾನು ಮುಂದಿನ ಸಲದಿಂದ ಬಕೆಟ್ಟಿಗೆ ಬರುತ್ತದೆ. ಬಾರ್‌ನ ಸಂದಿಯಲ್ಲಿ ಕಟ್ಟಿಕೊಳ್ಳುವ ಹುಡಿ ಕೆರೆಯುವ ತೆಳ್ಳಗಿನ ಪಟ್ಟಿ ಕಳೆದ ತಿಂಗಳು ಬಂದದ್ದು ಹೀಗೆಯೇ.