ಹೊಲಿಗೆಗೆ ಕೀವು ತುಂಬದಿರಲು: ಸಣ್ಣ ಆಸ್ಪತ್ರೆಗಳು ಸೋಂಕನ್ನು ಎಣಿಸುವ, ತಡೆಯುವ ಬಗೆ

ಆಪರೇಷನ್ ಗಾಯದ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ರೋಗಿ ಮನೆ ಸೇರಿದ ಮೇಲೆ. ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆದ ಹೆಣ್ಣುಮಗಳು ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್ ಆಗಿ ಮಾಗಡಿಗೋ ಮುಳಬಾಗಿಲಿಗೋ ಬಾಣಂತನಕ್ಕೆ ಹೋಗುತ್ತಾಳೆ. ಎಂಟನೇ ದಿನ ಹೊಲಿಗೆಯಲ್ಲಿ ಕೀವು ಕಂಡರೆ ಅಲ್ಲಿನ ಕ್ಲಿನಿಕ್ಕಿಗೆ ತೋರಿಸುತ್ತಾಳೆ. ಆಪರೇಷನ್ ಮಾಡಿದವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿ ‘ನಮ್ಮಲ್ಲಿ ಸೋಂಕೇ ಇಲ್ಲ’ ಎನ್ನುವ ರಿಜಿಸ್ಟರ್ ಅನೇಕ ಸಲ ಹೇಳುತ್ತಿರುವುದು ‘ನಾವು ಯಾರನ್ನೂ ಕೇಳಿಲ್ಲ’ ಎಂದು.

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಪರೇಷನ್ ಆದ 100 ಜನರಲ್ಲಿ ಸುಮಾರು 11 ಮಂದಿಗೆ ಗಾಯದ ಸೋಂಕಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 66 ದೇಶಗಳ 12,539 ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಗ್ಲೋಬಲ್‌ಸರ್ಜ್ ಅಧ್ಯಯನದಲ್ಲಿ, ಹೊಟ್ಟೆ-ಕರುಳಿನ ಆಪರೇಷನ್‌ಗಳ ನಂತರ ಮುಂದುವರಿದ ದೇಶಗಳಲ್ಲಿ ಶೇ 9.4, ಮಧ್ಯಮ ದೇಶಗಳಲ್ಲಿ ಶೇ 14, ಹಿಂದುಳಿದ ದೇಶಗಳಲ್ಲಿ ಶೇ 23.2 ಜನರಿಗೆ ಸೋಂಕಾಗಿತ್ತು. ಹೊಟ್ಟೆಯ ಆಪರೇಷನ್‌ಗಳಲ್ಲಿ ನಿಮ್ಮ ಲೆಕ್ಕ ಶೇ 1 ಎಂದು ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಎಣಿಕೆಯನ್ನೇ.

ಏನನ್ನು ಎಣಿಸಬೇಕು

ಎಲ್ಲ ಆಪರೇಷನ್‌ಗಳನ್ನೂ ಒಟ್ಟಿಗೆ ಹಿಡಿಯಲು ಹೋದರೆ ಎರಡೇ ತಿಂಗಳಲ್ಲಿ ಕೆಲಸ ನಿಂತುಹೋಗುತ್ತದೆ. ನಿಮ್ಮಲ್ಲಿ ಹೆಚ್ಚಾಗಿ ಆಗುವ ಒಂದೋ ಎರಡೋ ಬಗೆಯನ್ನು ಆರಿಸಿಕೊಳ್ಳಿ. ಸಿಸೇರಿಯನ್ ಮತ್ತು ಹರ್ನಿಯಾ ಒಳ್ಳೆಯ ಆರಂಭ. ಆರಿಸಿದ ಬಗೆಯಲ್ಲಿ ಒಂದು ಕೇಸನ್ನೂ ಬಿಡಬಾರದು. ರಾತ್ರಿ ಎರಡು ಗಂಟೆಯ ತುರ್ತು ಸಿಸೇರಿಯನ್ ಕೂಡ ಪಟ್ಟಿಯಲ್ಲಿರಬೇಕು. ಸೋಂಕಿನ ಸಾಧ್ಯತೆ ಹೆಚ್ಚಿರುವುದೇ ಅಂಥವರಲ್ಲಿ.

ಯಾವುದನ್ನು ಸೋಂಕು ಎನ್ನಬೇಕು ಎಂಬುದನ್ನು ಮೊದಲೇ ಬರೆದು ಆಪರೇಷನ್ ಥಿಯೇಟರಿನಲ್ಲೂ (ಓಟಿ) ವಾರ್ಡಿನಲ್ಲೂ ಅಂಟಿಸಿ. ಆಪರೇಷನ್ ದಿನವನ್ನು 1ನೇ ದಿನ ಎಂದು ಹಿಡಿದು 30 ದಿನಗಳೊಳಗೆ ಇವುಗಳಲ್ಲಿ ಒಂದು ಆದರೆ ಅದು ಮೇಲ್ಪದರದ ಸೋಂಕು: ಗಾಯದಿಂದ ಕೀವು ಬರುವುದು, ಶುಚಿಯಾಗಿ ತೆಗೆದ ಮಾದರಿಯಲ್ಲಿ ರೋಗಾಣು ಸಿಗುವುದು, ನೋವು, ಕೆಂಪು, ಊತ ಅಥವಾ ಬಿಸಿ ಕಂಡು ಸರ್ಜನ್ ಗಾಯವನ್ನು ತಾವೇ ಬಿಡಿಸುವುದು, ಸೋಂಕಾಗಿದೆ ಎಂದು ವೈದ್ಯರು ನಿರ್ಧರಿಸುವುದು. ಹೊಲಿಗೆಯ ದಾರ ತೂರಿದ ತೂತಿನಲ್ಲಷ್ಟೇ ಚೂರು ಕೀವು ಕಂಡರೆ ಲೆಕ್ಕಕ್ಕಿಲ್ಲ. ಸ್ನಾಯುಪದರಕ್ಕೆ ಇಳಿದದ್ದು, ಹೊಟ್ಟೆಯೊಳಗೆ ಅಥವಾ ಗರ್ಭಕೋಶಕ್ಕೆ ಹೋದದ್ದು ಬೇರೆ ಬೇರೆ ಕಲಮಿನಲ್ಲಿ ಬರಲಿ. ಹರ್ನಿಯಾ, ಮೂಳೆಗೆ ಪ್ಲೇಟ್ ಹಾಕಿದ ಕೇಸುಗಳಲ್ಲಿ ಆಳದ ಸೋಂಕಿಗಾಗಿ 90 ದಿನ ಕಾಯಬೇಕು.

ಪ್ರತಿ ರೋಗಿಗೆ ಒಂದೇ ಪುಟ ಸಾಕು: ಆಪರೇಷನ್ ಹೆಸರು, ಗಾಯ ಶುದ್ಧವೋ ಕಲುಷಿತವೋ, ತುರ್ತೋ ಅಲ್ಲವೋ, ಆಂಟಿಬಯೋಟಿಕ್ ಹೆಸರು ಮತ್ತು ಕೊಟ್ಟ ಗಂಟೆ-ನಿಮಿಷ, ಚರ್ಮ ಕುಯ್ದ ಗಂಟೆ-ನಿಮಿಷ, ಮುಗಿದ ಸಮಯ, ಬಳಸಿದ ಸಲಕರಣೆ ಸೆಟ್ಟಿನ ನಂಬರು, ಅದರ ಆಟೋಕ್ಲೇವ್ (ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಲೋಡ್ ನಂಬರು, ಅಂದರೆ ಯಾವ ಸರದಿಯಲ್ಲಿ ಒಳಗಿಟ್ಟದ್ದು ಎಂಬುದು. ಕೊನೆಯ ಎರಡನ್ನು ಎಲ್ಲರೂ ಬಿಡುತ್ತಾರೆ. ಸೋಂಕು ಏಕಾಏಕಿ ಏರಿದ ದಿನ ಅವಿಲ್ಲದೆ ದಾರಿಯೇ ಕಾಣುವುದಿಲ್ಲ.

ಫೋನ್ ಮಾಡುವ ಕ್ರಮ

10ನೇ ದಿನಕ್ಕೊಂದು, 30ನೇ ದಿನಕ್ಕೊಂದು ಕರೆ. ಎರಡು ನಂಬರ್ ಕೇಳಿ ಪಡೆಯಿರಿ. ಸಿಸೇರಿಯನ್ ಕೇಸಿನಲ್ಲಿ ಫೈಲಿನಲ್ಲಿರುವುದು ಸಾಮಾನ್ಯವಾಗಿ ಗಂಡನ ನಂಬರ್. ಆತ ಪೀಣ್ಯದಲ್ಲಿ ಕೆಲಸದಲ್ಲಿರುತ್ತಾನೆ, ಬಾಣಂತಿ ತವರಿನಲ್ಲಿರುತ್ತಾಳೆ. ತವರುಮನೆಯ ನಂಬರ್ ಡಿಸ್ಚಾರ್ಜ್‌ಗೆ ಮುಂಚೆಯೇ ಬೇಕು, ಬರೆದುಕೊಂಡ ಕೂಡಲೇ ಒಮ್ಮೆ ರಿಂಗ್ ಕೊಟ್ಟು ನೋಡಿ. ತಾಯಿ ಕಾರ್ಡ್‌ನಲ್ಲಿ ಆಶಾ ಕಾರ್ಯಕರ್ತೆಯ ವಿವರವಿದ್ದರೆ ಅದನ್ನೂ ಬರೆದುಕೊಳ್ಳಿ. ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು ಬಲ್ಲ ಸಿಸ್ಟರ್ ಯಾರೆಂದು ಗುರುತಿಸಿಟ್ಟರೆ ಈ ಊರಿನಲ್ಲಿ ಅರ್ಧ ಕೆಲಸ ಹಗುರ.

‘ಚೆನ್ನಾಗಿದ್ದೀರಾ?’ ಎಂದು ಶುರು ಮಾಡಿದರೆ ‘ಹೂಂ ಮೇಡಂ, ಚೆನ್ನಾಗಿದೀನಿ’ ಎಂದೇ ಉತ್ತರ ಬರುತ್ತದೆ. ಡಾಕ್ಟರ ಮೇಲೆ ದೂರು ಹೇಳಿದಂತಾಗುತ್ತದೆ ಎಂಬ ಸಂಕೋಚ. ನೇರವಾಗಿ, ಇದೇ ಮಾತುಗಳಲ್ಲಿ ಕೇಳಿ:

- ‘ಹೊಲಿಗೆ ಹಾಕಿದ ಜಾಗದಿಂದ ಕೀವು, ನೀರು ಏನಾದ್ರೂ ಬಂತಾ? ಬಟ್ಟೆಗೆ ಕಲೆ ಆಯ್ತಾ, ವಾಸನೆ ಇತ್ತಾ?’
- ‘ಹೊಲಿಗೆ ಎಲ್ಲಾದ್ರೂ ಬಿಟ್ಕೊಂಡಿದೆಯಾ?’
- ‘ಸುತ್ತ ಕೆಂಪಗಾಗಿ, ಮುಟ್ಟಿದ್ರೆ ಬಿಸಿ ಅನಿಸುತ್ತಾ? ಜ್ವರ ಬಂದಿತ್ತಾ?’
- ‘ಬೇರೆ ಡಾಕ್ಟರ ಹತ್ರ ತೋರಿಸಿದ್ರಾ? ಅವರು ಗಾಯ ಬಿಡಿಸಿ ತೊಳೆದ್ರಾ, ಮಾತ್ರೆ ಬರೆದುಕೊಟ್ರಾ?’

ಒಂದಕ್ಕೆ ಹೌದು ಎಂದರೂ ಬರಹೇಳಿ. ದೂರವಿದ್ದರೆ ಹಗಲು ಬೆಳಕಿನಲ್ಲಿ ತೆಗೆದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿ, ಸರ್ಜನ್ ನೋಡಲಿ. ಬೈಗುಳಕ್ಕೆ ಎಡೆಯಿರಬಾರದು. ಒಮ್ಮೆ ಬೈಸಿಕೊಂಡವರು ಮತ್ತೆ ಫೋನ್ ಎತ್ತುವುದಿಲ್ಲ.

ಮೂರು ತಿಂಗಳಲ್ಲಿ 200 ಸಿಸೇರಿಯನ್ ಆಗಿವೆ, 30ನೇ ದಿನ ಸಿಕ್ಕವರು 160, ಅವರಲ್ಲಿ ಸೋಂಕಾದವರು 12 ಎಂದಿಟ್ಟುಕೊಳ್ಳಿ. 200ಕ್ಕೆ ಭಾಗಿಸಿದರೆ ಶೇ 6, ಸಿಕ್ಕವರಿಗೆ ಭಾಗಿಸಿದರೆ ಶೇ 7.5. ಎರಡನ್ನೂ ಬರೆಯಿರಿ, ಪಕ್ಕದಲ್ಲಿ ‘ಸಿಕ್ಕವರು ಶೇ 80’ ಎಂದೂ ಬರೆಯಿರಿ. ತಿಂಗಳಿಗೆ 20 ಕೇಸಿರುವಲ್ಲಿ ಒಂದು ಸೋಂಕು ಹೆಚ್ಚಾದರೂ ಶೇ 5 ಏರುತ್ತದೆ, ಆದ್ದರಿಂದ ತಿಂಗಳ ಲೆಕ್ಕ ನೋಡಿ ಗಾಬರಿಯೂ ಬೇಡ, ಹಿಗ್ಗೂ ಬೇಡ.

ಕುಯ್ಯುವ ಮೊದಲು

ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಸೋಪು ಹಾಕಿ ಸ್ನಾನ. ಕೂದಲು ತೆಗೆಯುವ ಅಗತ್ಯವೇ ಹೆಚ್ಚಿನ ಕೇಸುಗಳಲ್ಲಿಲ್ಲ; ಅಡ್ಡ ಬಂದರೆ ಕ್ಲಿಪರ್ ಬಳಸಿ. ಬ್ಲೇಡು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಮಾಡಿ ರೋಗಾಣುಗಳಿಗೆ ಮನೆ ಮಾಡಿಕೊಡುತ್ತದೆ. ವಾರ್ಡಿನಲ್ಲಿ ರಾತ್ರಿಯೇ ಬೋಳಿಸಿ ಕಳಿಸುವ ಪದ್ಧತಿ ಇಂದೇ ನಿಲ್ಲಲಿ.

ಆಂಟಿಬಯೋಟಿಕ್‌ನಲ್ಲಿ ಔಷಧಿಗಿಂತ ಹೊತ್ತು ತಪ್ಪುವುದೇ ಹೆಚ್ಚು. ವಾರ್ಡಿನಲ್ಲಿ ಬೆಳಿಗ್ಗೆ 7ಕ್ಕೆ ಇಂಜೆಕ್ಷನ್ ಕೊಟ್ಟು, ಆಪರೇಷನ್ 11ಕ್ಕೆ ಶುರುವಾದರೆ ಕುಯ್ಯುವ ಹೊತ್ತಿಗೆ ರಕ್ತದಲ್ಲಿ ಅದರ ಬಲ ಇಳಿದಿರುತ್ತದೆ. ಓಟಿಯಲ್ಲೇ, ಕುಯ್ಯುವ ಮುಂಚಿನ 60 ನಿಮಿಷದೊಳಗೆ ಕೊಡಿ, ಹೊಣೆ ಅರಿವಳಿಕೆ ವೈದ್ಯರದಾಗಿರಲಿ. ಸಿಸೇರಿಯನ್‌ನಲ್ಲೂ ಹೊಕ್ಕುಳಬಳ್ಳಿ ಕತ್ತರಿಸುವವರೆಗೆ ಕಾಯಬೇಡಿ. ಹೆಚ್ಚಿನ ಆಪರೇಷನ್‌ಗಳಿಗೆ ಸೆಫಜೋಲಿನ್ 2 ಗ್ರಾಂ ಸಾಕು, 120 ಕಿಲೋ ದಾಟಿದವರಿಗೆ 3 ಗ್ರಾಂ. 4 ಗಂಟೆ ಮೀರಿದರೆ ಅಥವಾ ಒಂದೂವರೆ ಲೀಟರ್ ರಕ್ತ ಹೋದರೆ ಇನ್ನೊಂದು ಡೋಸ್. ಆಪರೇಷನ್ ಮುಗಿದ ಮೇಲೆ ನಿಲ್ಲಿಸಿ. ಡ್ರೈನ್ (ಗಾಯದ ದ್ರವ ಹೊರಹಾಕುವ ಕೊಳವೆ) ಇದೆ ಎಂಬುದೂ ಮುಂದುವರಿಸಲು ಕಾರಣವಲ್ಲ. ಐದು ದಿನ ಸೆಫ್ಟ್ರಿಯಾಕ್ಸೋನ್ ಓಡಿಸುವುದರಿಂದ ಸೋಂಕು ಇಳಿಯುವುದಿಲ್ಲ, ಮದ್ದಿಗೆ ಬಗ್ಗದ ರೋಗಾಣು ಬೆಳೆಯುತ್ತದೆ. ಒಡೆದ ಅಪೆಂಡಿಕ್ಸ್‌ನಂಥ ಕೇಸು ಬೇರೆ. ಅಲ್ಲಿ ಕೊಡುವುದು ಚಿಕಿತ್ಸೆಗಾಗಿ.

ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ವಿಶ್ವ ಆರೋಗ್ಯ ಸಂಸ್ಥೆಯ ಆಯ್ಕೆ. ಆದರೆ ಭಾರತವೂ ಸೇರಿ 7 ದೇಶಗಳ 5,788 ರೋಗಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಫಾಲ್ಕನ್ ಪ್ರಯೋಗದಲ್ಲಿ, ಹೊಟ್ಟೆಯ ಆಪರೇಷನ್‌ಗಳಿಗೆ ಪೊವಿಡೋನ್ ಅಯೋಡಿನ್‌ಗಿಂತ ಅದು ಮೇಲು ಎಂದು ತೋರಲಿಲ್ಲ. ರೋಗಾಣುನಾಶಕ ಟ್ರೈಕ್ಲೋಸಾನ್ ಲೇಪಿತ ದುಬಾರಿ ದಾರದಿಂದಲೂ ಲಾಭ ಕಾಣಲಿಲ್ಲ. ಇರುವುದನ್ನೇ ಸರಿಯಾಗಿ ಹಚ್ಚಿ, ಪೂರ್ತಿ ಒಣಗಲು ಬಿಡಿ. ಆಲ್ಕೋಹಾಲ್ ಇದ್ದರೆ ಕನಿಷ್ಠ 3 ನಿಮಿಷ ಬೇಕು, ಬೆನ್ನಡಿ ಹರಿದು ನಿಂತಿರುವುದನ್ನು ಒರೆಸಿ. ಇಲ್ಲವಾದರೆ ಕಾಟರಿಯ (ರಕ್ತ ನಿಲ್ಲಿಸಲು ಸುಡುವ ವಿದ್ಯುತ್ ಸಲಕರಣೆ) ಕಿಡಿಗೆ ಬೆಂಕಿ ಹತ್ತುತ್ತದೆ.

ಆಟೋಕ್ಲೇವ್: ಬೆಂಗಳೂರಿನ ಎತ್ತರ, ಬೋರ್‌ವೆಲ್ಲಿನ ನೀರು

‘15 ಪೌಂಡ್ ಒತ್ತಡ, 121 ಡಿಗ್ರಿ’ ಎಂಬ ಪಾಠ ಸಮುದ್ರಮಟ್ಟದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡ ಕಡಿಮೆ. ಇಲ್ಲಿ ಮುಳ್ಳು 15ಕ್ಕೆ ಬಂದಾಗ ಒಳಗಿನ ಹಬೆ ಸುಮಾರು 119 ಡಿಗ್ರಿ ಮಾತ್ರ ಇರುತ್ತದೆ. 121 ಮುಟ್ಟಲು ಸುಮಾರು 16.5 ಪೌಂಡ್ ಬೇಕು. ಒತ್ತಡದ ಮುಳ್ಳನ್ನಲ್ಲ, ತಾಪಮಾನವನ್ನು ನೋಡಿ ಸಮಯ ಎಣಿಸಿ. ಒತ್ತಡ ಹೊಂದಿಸುವುದು ಸರ್ವಿಸ್ ಮಾಡುವವರ ಕೆಲಸ, ಯಂತ್ರದ ಸುರಕ್ಷಿತ ಮಿತಿಯೊಳಗೆ. 121 ತಲುಪಿದ ಮೇಲೆ ಸುತ್ತಿದ ಸೆಟ್‌ಗಳಿಗೆ 30 ನಿಮಿಷ. ನಡುವೆ ಕರೆಂಟ್ ಹೋದರೆ ಮೊದಲಿನಿಂದ 30.

ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಮುಳ್ಳು ಸರಿ ತೋರಿಸಿದರೂ ಹಬೆ ಸೆಟ್ಟಿನೊಳಗೆ ನುಗ್ಗುವುದಿಲ್ಲ. ಬಟ್ಟೆ, ಸಲಕರಣೆ ತುಂಬಿಡುವ ಡ್ರಮ್ಮಿನ ಪಕ್ಕದ ತೂತು ತೆರೆದಿಡಲು ಮರೆಯುವುದು, ಗೌನುಗಳನ್ನು ಒತ್ತಿ ತುರುಕುವುದು ಇದಕ್ಕೆ ಮುಖ್ಯ ಕಾರಣ. ಹೊರಗಿನ ಟೇಪು ಕಪ್ಪಾದರೆ ಬಿಸಿ ತಗುಲಿದೆ ಎಂದಷ್ಟೇ ಅರ್ಥ. ಸೆಟ್ಟಿನ ನಡುವೆ, ಹಬೆ ಒಳಗೆ ಮುಟ್ಟಿತೇ ಎಂದು ಬಣ್ಣ ಬದಲಿಸಿ ತೋರಿಸುವ ಸೂಚಕ ಪಟ್ಟಿ ಇಡಿ, ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ (ಗಟ್ಟಿ ರೋಗಾಣು ಬೀಜಕಗಳು ಸತ್ತವೇ ಎಂದು ನೋಡುವುದು) ಮಾಡಿ. ಹೊರತೆಗೆದಾಗ ಒದ್ದೆಯಾಗಿರುವ ಸೆಟ್ಟನ್ನು ಬಳಸಬೇಡಿ. ಒದ್ದೆ ಬಟ್ಟೆ ಹೊರಗಿನ ರೋಗಾಣುವನ್ನು ಒಳಗೆಳೆಯುತ್ತದೆ.

ಟ್ಯಾಂಕರ್ ಮತ್ತು ಬೋರ್‌ವೆಲ್ ನೀರಿನ ಗಡಸು ಉಪ್ಪು ಕತ್ತರಿ, ಫೋರ್ಸೆಪ್ಸ್‌ಗಳ ಕೀಲಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಅದರಡಿ ರಕ್ತ ಉಳಿದರೆ ಹಬೆ ಮುಟ್ಟದು. ಕೀಲು ತೆರೆದು ಬ್ರಷ್ಷಿನಿಂದ ಉಜ್ಜಿ, ಕೊನೆಯ ತೊಳೆತಕ್ಕೆ ಆರ್‌ಓ ನೀರು ಬಳಸಿ.

ಲ್ಯಾಪರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಸಲಕರಣೆಗಳನ್ನು ರೋಗಾಣುನಾಶಕ ದ್ರಾವಣವಾದ 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿ ತೆಗೆಯುವ ರೂಢಿ ಅಪಾಯಕಾರಿ. ಸ್ಟೆರೈಲ್ (ಪೂರ್ತಿ ರೋಗಾಣುಮುಕ್ತ) ಆಗಲು ಅದರಲ್ಲಿ 10 ಗಂಟೆ ಬೇಕು. ಅದ್ದಿದ ಮೇಲೆ ನಲ್ಲಿ ನೀರಿನಲ್ಲಿ ತೊಳೆದರೆ ಕ್ಷಯದ ರೋಗಾಣುವಿನ ಬಂಧುಗಳಾದ ಮೈಕೋಬ್ಯಾಕ್ಟೀರಿಯಾ ತೂತಿನ ಗಾಯಕ್ಕೆ ಸೇರುತ್ತವೆ. ಮೊದಲು ವಾಸಿಯಾದಂತೆ ಕಂಡ ಗಾಯದಲ್ಲಿ ವಾರಗಳ ನಂತರ ಗಂಟು ಎದ್ದು, ಮಾಮೂಲಿ ಔಷಧಿಗೆ ಬಗ್ಗದೆ ತಿಂಗಳುಗಟ್ಟಲೆ ಕಾಡುತ್ತದೆ. ಲ್ಯಾಪರೋಸ್ಕೋಪಿ ಆದವರಿಗೆ 90ನೇ ದಿನವೂ ಫೋನ್ ಮಾಡಿ.

ಮುಚ್ಚುವಾಗ, ಮನೆಯಲ್ಲಿ

2022ರ ಚೀತಾ ಪ್ರಯೋಗ 13,301 ರೋಗಿಗಳಲ್ಲಿ ತೋರಿಸಿದ್ದು ಸರಳ: ಹೊಟ್ಟೆ ಮುಚ್ಚುವ ಮುನ್ನ ತಂಡವೆಲ್ಲ ಗ್ಲೌಸ್ ಬದಲಿಸಿ, ಹೊಸ ಸಲಕರಣೆ ಬಳಸಿದರೆ ಸೋಂಕು ಶೇ 18.9ರಿಂದ 16ಕ್ಕೆ ಇಳಿಯುತ್ತದೆ. ನೀಡಲ್ ಹೋಲ್ಡರ್, ಹಲ್ಲಿನ ಫೋರ್ಸೆಪ್ಸ್, ಕತ್ತರಿ, ಎರಡು ಆರ್ಟರಿ ಫೋರ್ಸೆಪ್ಸ್ ಇರುವ ಪುಟ್ಟ ಸೆಟ್ಟನ್ನು ಬೇರೆಯಾಗಿ ಸುತ್ತಿಡಿ. ಓಟಿಗೆ ಫಾರ್ಮಲಿನ್ ಹೊಗೆ ಹಾಕಿಸುವ, ಗೋಡೆಯ ಸ್ವಾಬ್ (ಹತ್ತಿಯಿಂದ ಒರೆಸಿದ ಮಾದರಿ) ಲ್ಯಾಬಿಗೆ ಕಳಿಸುವ ಹಣ ಇದಕ್ಕೆ ಧಾರಾಳವಾಗಿ ಸಾಕಾಗುತ್ತದೆ.

ಬಾಣಂತಿಯ ತಾಯಿ ಅಥವಾ ಅತ್ತೆಯನ್ನು ಕೂರಿಸಿಕೊಂಡು ಹೇಳಿ: ‘ಎಣ್ಣೆ, ಅರಿಶಿನ, ಬೂದಿ ಏನೂ ಗಾಯಕ್ಕೆ ಹಚ್ಚಬೇಡಿ ಅಮ್ಮ. ನೀರು ಹುಯ್ದ ಮೇಲೆ ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಿ. ಗಾಯ ಒದ್ದೆ ಇರೋವಾಗ ಹೊಟ್ಟೆಗೆ ಬಟ್ಟೆ ಬಿಗಿಬೇಡಿ.’

ಲೆಕ್ಕ ಏರಿದಾಗ

ಸೋಂಕಾದವರ ಪುಟಗಳನ್ನು ಮೇಜಿನ ಮೇಲೆ ಹರಡಿ. ಲೋಡ್ ನಂಬರ್ ಒಂದೇ ಆಗಿದ್ದರೆ ಆ ದಿನದ ಸೂಚಕ ಪಟ್ಟಿ ಹುಡುಕಿ, ಆ ಲೋಡಿನ ಉಳಿದ ಸೆಟ್‌ಗಳನ್ನು ವಾಪಸ್ ತರಿಸಿ. ಎಲ್ಲವೂ ತುರ್ತು ಕೇಸುಗಳಾಗಿದ್ದರೆ ರಾತ್ರಿ ಪಾಳಿಯಲ್ಲಿ ಆಂಟಿಬಯೋಟಿಕ್ ಕೊಟ್ಟ ಸಮಯ ನೋಡಿ. ಕೀವನ್ನು ಲ್ಯಾಬಿಗೆ ಕಳಿಸುವುದಾದರೆ ಮೊದಲು ಸಲೈನ್‌ನಿಂದ ಮೇಲ್ಮೈ ತೊಳೆದು, ಹೊಸ ಆಂಟಿಬಯೋಟಿಕ್ ಶುರು ಮಾಡುವ ಮುನ್ನ, ಆಳದಿಂದ ಸಿರಿಂಜಿನಲ್ಲಿ ಎಳೆದು ಕಳಿಸಿ. ಮೇಲಿಂದ ಒರೆಸಿದ ಸ್ವಾಬಿನಲ್ಲಿ ಸಿಗುವುದು ಬಹುಪಾಲು ಚರ್ಮದ ಮೇಲೆ ಸದಾ ಇರುವ ರೋಗಾಣುಗಳೇ.