ಟೆನಿಸ್ ಎಲ್ಬೋ: ಕೈಗೆ ಪೂರ್ತಿ ರಜೆ ಬೇಡ

ಇಕ್ಕಳದಲ್ಲಿ ಹಾಲಿನ ಪಾತ್ರೆ ಹಿಡಿದು ಒಲೆಯಿಂದ ಇಳಿಸುತ್ತೀರಿ. ಮೊಣಕೈಯ ಹೊರಬದಿಯಲ್ಲಿ ಚುಳ್ ಅನ್ನುತ್ತದೆ. ಮರುದಿನ ಬಾಗಿಲ ಚಿಲಕ ತಿರುಗಿಸಿದರೂ ಅದೇ ನೋವು. ಒದ್ದೆ ಬಟ್ಟೆ ಹಿಂಡಲು ಹೋದರೆ ಕೈಯಲ್ಲಿ ಬಲವೇ ಇಲ್ಲ. ನನಗೂ ಹೀಗೇ ಶುರುವಾಯಿತು. ವರ್ಷಗಟ್ಟಲೆ ಶಟಲ್ ಆಡಿದರೂ ಬಾರದ ನೋವು, ಹಬ್ಬಕ್ಕೆಂದು ಎರಡು ದಿನ ಗೋಡೆ ಉಜ್ಜಿ ಬಣ್ಣ ಬಳಿದ ಮೇಲೆ ಬಂತು.

ಈ ನೋವಿಗೇ ಟೆನಿಸ್ ಎಲ್ಬೋ ಅನ್ನುತ್ತಾರೆ. ಹೆಸರಲ್ಲಿ ಟೆನಿಸ್ ಇದೆ, ಆದರೆ ಇದು ಬರುವ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಬಿಗಿಯಾಗಿ ಹಿಡಿದು ಮಣಿಕಟ್ಟು ತಿರುಗಿಸುವ ಯಾವ ಕೆಲಸದಿಂದಲೂ ಬರಬಹುದು. ಬಡಗಿ, ಪೇಂಟರ್, ಅಡುಗೆಯವರು, ದಿನವಿಡೀ ಮೌಸ್ ಹಿಡಿಯುವವರು ಯಾರನ್ನೂ ಬಿಡುವುದಿಲ್ಲ. ಸಚಿನ್ ತೆಂಡೂಲ್ಕರ್ ಅವರಿಗೆ ಎಡ ಮೊಣಕೈಗೆ ಬಂದು, 2005ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಮ್ಮಲ್ಲಿ ಬಹುತೇಕರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ.

'ನರ ಹಿಡಿದಿದೆ' ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವಾಗಿ ತೊಂದರೆ ಇರುವುದು ಟೆಂಡನ್‌ನಲ್ಲಿ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಲ್ಲಿ. ತಾಳಿಕೊಳ್ಳುವುದಕ್ಕಿಂತ ಜಾಸ್ತಿ ಕೆಲಸ ಬಿದ್ದು ಅದರ ಎಳೆಗಳು ಸವೆದಿರುತ್ತವೆ. ಕೈಯನ್ನು ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ನೋವೇನೋ ಇಳಿಯುತ್ತದೆ, ಆದರೆ ಹುರಿ ಇನ್ನಷ್ಟು ಸೋಲುತ್ತದೆ. ಮತ್ತೆ ಕೆಲಸ ಹಿಡಿದ ದಿನವೇ ನೋವು ವಾಪಸ್. ನಾನು ಮಾಡಿದ ಮೊದಲ ತಪ್ಪೇ ಇದು.

ಮೊದಲ ಎರಡು ವಾರ

ನೋವು ಕೊಡುವ ಕೆಲಸ ಮಾತ್ರ ಕಡಿಮೆ ಮಾಡಿ. ಒಂದು ಸಣ್ಣ ಬದಲಾವಣೆಯಿಂದ ಎಷ್ಟು ಆರಾಮ ಸಿಗುತ್ತದೆ ನೋಡಿ: ಏನೇ ಎತ್ತುವಾಗಲೂ ಅಂಗೈ ಮೇಲಕ್ಕಿರಲಿ, ಮೊಣಕೈ ಮೈಗೆ ಹತ್ತಿರವಿರಲಿ. ಅಕ್ಕಿ ಚೀಲವನ್ನು ಮೇಲಿಂದ ಹಿಡಿದು ಎತ್ತಬೇಡಿ, ಅಡಿಯಿಂದ ಎರಡೂ ಕೈ ಕೊಟ್ಟು ಎತ್ತಿ. ಬಟ್ಟೆ ಹಿಂಡುವ ಕೆಲಸ ಸದ್ಯಕ್ಕೆ ಬೇರೆಯವರದ್ದು. ನೋವು ಜಾಸ್ತಿಯಾದಾಗ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬಹುದು. ಉಳುಕು ತೆಗೆಯುತ್ತೇವೆಂದು ಜೋರಾಗಿ ತಿಕ್ಕಲು ಬಂದರೆ ಬೇಡ ಅನ್ನಿ.

ಮೊಣಕೈ ಪಟ್ಟಿ ಕೆಲವರಿಗೆ ಹಿಡಿಸುತ್ತದೆ. ಅದನ್ನು ನೋವಿರುವ ಮೂಳೆಯ ಮೇಲೆ ಕಟ್ಟಬಾರದು, ಎರಡು ಬೆರಳು ಕೆಳಗೆ ಮುಂಗೈ ಸ್ನಾಯುವಿನ ಮೇಲೆ ಕಟ್ಟಬೇಕು. ಮಲಗುವಾಗ ಬಿಚ್ಚಿಡಿ.

ವ್ಯಾಯಾಮ ಶುರು ಮಾಡುವುದು ಅಲ್ಲಾಡದ ಒತ್ತಡದಿಂದ. ನೋವಿರುವ ಕೈಯ ಮುಂಗೈಯನ್ನು, ಅಂಗೈ ಕೆಳಮುಖವಾಗಿ, ಮೇಜಿನ ಮೇಲಿಟ್ಟು ಸಡಿಲವಾಗಿ ಮುಷ್ಟಿ ಮಾಡಿ. ಇನ್ನೊಂದು ಅಂಗೈಯನ್ನು ಮುಷ್ಟಿಯ ಮೇಲಿಡಿ. ಕೆಳಗಿನ ಕೈ ಮೇಲಕ್ಕೆ ತಳ್ಳಲಿ, ಮೇಲಿನ ಕೈ ಬಿಡದಿರಲಿ. 30 ಸೆಕೆಂಡ್ ಹಿಡಿಯಿರಿ. ಹೀಗೆ ಐದು ಸಲ.

ಆಮೇಲೆ ನೀರಿನ ಬಾಟಲಿ

ನನ್ನ ಕೈ ಉಳಿಸಿದ್ದು ಇದೇ. ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿ, ಹೆಚ್ಚುಕಡಿಮೆ ಅರ್ಧ ಕಿಲೋ ಆಗುತ್ತದೆ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಿಂದ ಆಚೆ. ಬಾಟಲಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಮೇಲಕ್ಕೆ ಬಾಗಿಸಿ. ಈಗ ಆ ಕೈ ತೆಗೆಯಿರಿ. ನೋವಿರುವ ಕೈ ಒಂದೇ, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ, ಬಾಟಲಿಯನ್ನು ನಿಧಾನವಾಗಿ ಇಳಿಸಲಿ. ಇಳಿಸುವುದೇ ಮುಖ್ಯ, ಅವಸರ ಬೇಡ. ಹತ್ತು ಸಲ ಮಾಡಿ, ಸ್ವಲ್ಪ ಬಿಡುವು ಕೊಟ್ಟು ಒಟ್ಟು ಮೂರು ಸುತ್ತು, ದಿನಕ್ಕೊಮ್ಮೆ.

ಸ್ವಲ್ಪ ನೋವಾಗುತ್ತದೆ, ಹೆದರಬೇಡಿ. ಹತ್ತಕ್ಕೆ ಮೂರು ಅನ್ನುವಷ್ಟಿದ್ದು, ಮರುದಿನ ಬೆಳಿಗ್ಗೆಗೆ ಇಳಿದರೆ ಸರಿ ಹೋಗುತ್ತಿದೆ ಎಂದರ್ಥ. ಇಳಿಯದಿದ್ದರೆ ಬಾಟಲಿಯಿಂದ ನೀರು ಚೆಲ್ಲಿ ಭಾರ ತಗ್ಗಿಸಿ. ಸಲೀಸಾದಾಗ ಒಂದು ಲೀಟರ್ ಬಾಟಲಿಗೆ ಹೋಗಿ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಮೂರನೇ ವಾರಕ್ಕೇ ಕೈಬಿಡುವವರೇ ಜಾಸ್ತಿ, ಅದೇ ನನಗೆ ಬೇಜಾರು.

ಇಂಜೆಕ್ಷನ್ ಬಗ್ಗೆ ಒಂದು ಮಾತು. ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಕೆಲವು ವಾರ ಹಾಯೆನಿಸುತ್ತದೆ. ಆದರೆ ವರ್ಷದ ಲೆಕ್ಕದಲ್ಲಿ, ಚುಚ್ಚಿಸಿಕೊಳ್ಳದವರೇ ಹೆಚ್ಚು ಗುಣವಾಗಿದ್ದರು ಎಂದು ಅಧ್ಯಯನಗಳು ತೋರಿಸಿವೆ. ವೈದ್ಯರ ಹತ್ತಿರ ಇದನ್ನು ಕೇಳಿಯೇ ನಿರ್ಧರಿಸಿ. ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಇಳಿದರೆ, ಕೀಲು ಊದಿ ಬಿಸಿಯಾದರೆ, ಬಿದ್ದ ಮೇಲೆ ನೋವು ಬಂದಿದ್ದರೆ ಮಾತ್ರ ಮನೆಮದ್ದು ಬೇಡ, ನೇರ ವೈದ್ಯರ ಹತ್ತಿರ ಹೋಗಿ.

ಆಟಕ್ಕೆ ಮರಳುವಾಗ

ಈ ನಡುವೆ ನಡಿಗೆ, ಸೈಕಲ್, ಮೆಟ್ಟಿಲು ಹತ್ತುವುದು ಯಾವುದನ್ನೂ ನಿಲ್ಲಿಸಬೇಕಿಲ್ಲ. ಸೈಕಲ್ ಹ್ಯಾಂಡಲ್ ಮಾತ್ರ ಗಟ್ಟಿಯಾಗಿ ಹಿಡಿಯಬೇಡಿ. ಕೈಕುಲುಕಿದಾಗ ನೋವಿಲ್ಲ ಅಂದರೆ ರಾಕೆಟ್ ತೆಗೆಯಬಹುದು. ತಂತಿ ಬಿಗಿ ಒಂದೆರಡು ಪೌಂಡ್ ಇಳಿಸಿ. ಹಿಡಿ ತೀರಾ ಸಣ್ಣದಾದರೆ ಬೆರಳು ಬಿಗಿದುಕೊಳ್ಳುತ್ತವೆ, ಇನ್ನೊಂದು ಗ್ರಿಪ್ ಸುತ್ತಿ. ಮೊದಲ ವಾರ ಹತ್ತು ನಿಮಿಷ, ಬರೀ ಮೆಲ್ಲನೆಯ ಹೊಡೆತ. ಸ್ಮ್ಯಾಶ್ ಆಮೇಲೆ. ಬ್ಯಾಕ್‌ಹ್ಯಾಂಡ್ ಎಲ್ಲಕ್ಕಿಂತ ಕೊನೆಗೆ.

ನಾನು ಪೂರ್ತಿ ಒಂದು ಗೇಮ್ ಆಡಿದ್ದು ಐದನೇ ತಿಂಗಳಲ್ಲಿ. ಬಾಟಲಿ ಈಗಲೂ ಟಿವಿ ಪಕ್ಕದಲ್ಲೇ ಇದೆ, ವಾರಕ್ಕೆ ಮೂರು ದಿನ ಎತ್ತಿ ಇಳಿಸುತ್ತೇನೆ.