ಅಂಧಬಿಂದುವನ್ನು ಅಳೆಯುವುದು, ಅದನ್ನು ಮೆದುಳು ಮುಚ್ಚುವುದನ್ನು ನೋಡುವುದು

ಕಣ್ಣು ಕಳಿಸದ ಮಾಹಿತಿಯನ್ನೂ ಮೆದುಳು ತಾನೇ ತುಂಬಿಕೊಳ್ಳುತ್ತದೆ ಎಂದರೆ ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ. ನಿಜವಾಗಿ ಮನದಟ್ಟಾಗುವುದು ತಮ್ಮ ಅಂಧಬಿಂದುವನ್ನು ತಾವೇ ಅಳೆದಾಗ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಿಂದ ಸುಮಾರು ಹತ್ತು ಲಕ್ಷ ನರತಂತುಗಳು ಒಟ್ಟಾಗಿ ಹೊರಡುವ ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಫ್ರಾನ್ಸಿನ ವಿಜ್ಞಾನಿ ಎಡ್ಮೆ ಮಾರಿಯೊಟ್ ಇದನ್ನು 17ನೇ ಶತಮಾನದಲ್ಲೇ ತೋರಿಸಿದ್ದ.

ಬಿಳಿ ಡ್ರಾಯಿಂಗ್ ಶೀಟನ್ನು ಗೋಡೆಗೆ ಅಂಟಿಸಿ, ಎಡಭಾಗದಲ್ಲಿ ಕಣ್ಣಿನ ಎತ್ತರಕ್ಕೆ ಸಣ್ಣ ಕೂಡು ಗುರುತು ಹಾಕುತ್ತೇನೆ. ಮೇಜಿನ ಮೇಲೆ ಪುಸ್ತಕ ಪೇರಿಸಿ ಅದರ ಮೇಲೆ ಗಲ್ಲ ಇಡಿಸುತ್ತೇನೆ. ಬಲಗಣ್ಣಿನಿಂದ ಗೋಡೆಗೆ ಸರಿಯಾಗಿ 40 ಸೆಂ.ಮೀ. ಇರಬೇಕು. ಎಡಗಣ್ಣು ಮುಚ್ಚಿ ಗುರುತನ್ನೇ ನೋಡುತ್ತಿದ್ದರೆ ಅದರಿಂದ ಬಲಕ್ಕೆ ಸುಮಾರು 11 ಸೆಂ.ಮೀ. ದೂರದಲ್ಲಿ, ಒಂದು ಸೆಂ.ಮೀ.ನಷ್ಟು ಕೆಳಗೆ, ಅಂಧಬಿಂದುವಿನ ನಡುಭಾಗ ಸಿಗುತ್ತದೆ.

ಪೆನ್ಸಿಲನ್ನು ಜೊತೆಗಾರರು ಹಿಡಿಯಬೇಕು. ತನ್ನ ಕೈ ಎಲ್ಲಿದೆಯೆಂದು ನೋಡದೆಯೂ ಗೊತ್ತಿರುವುದರಿಂದ, ತಾನೇ ಹಿಡಿದರೆ ಉತ್ತರ ಕೆಡುತ್ತದೆ. ಪೆನ್ಸಿಲಿಗೆ ಬಿಳಿ ಕಾಗದ ಸುತ್ತಿ ತುದಿಯನ್ನಷ್ಟೇ ಕಪ್ಪಾಗಿ ಬಿಡಿ, ಇಲ್ಲವಾದರೆ ಅದರ ಕಡ್ಡಿಯೇ ಸುಳಿವು ಕೊಡುತ್ತದೆ. ನಡುವಿನಿಂದ ಎಂಟು ದಿಕ್ಕಿಗೆ ನಿಧಾನವಾಗಿ ಸರಿಸುತ್ತಾ ತುದಿ ಕಂಡ ಕ್ಷಣ ಚುಕ್ಕೆ ಇಡಬೇಕು. ಮತ್ತೆ ಹೊರಗಿನಿಂದ ಒಳಕ್ಕೆ ತಂದು ಮರೆಯಾದಲ್ಲಿ ಇನ್ನೊಂದು ಚುಕ್ಕೆ. ಬಾಯಿಬಿಟ್ಟು ಹೇಳುವಷ್ಟರಲ್ಲಿ ಪೆನ್ಸಿಲ್ ಮುಂದೆ ಹೋಗಿರುವುದರಿಂದ ಎರಡರ ನಡುವಿನ ಬಿಂದುವೇ ಲೆಕ್ಕ. ಸಾಮಾನ್ಯವಾಗಿ 4 ಸೆಂ.ಮೀ. ಅಗಲ, 5 ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತರದ ಮೊಟ್ಟೆಯಾಕಾರ ಬರುತ್ತದೆ. ಅಂಚು ಅಡ್ಡಾದಿಡ್ಡಿಯಾಗಿದ್ದರೆ ಕಣ್ಣು ಪೆನ್ಸಿಲಿನ ಹಿಂದೆ ಓಡಿದೆ ಎಂದರ್ಥ. ಸ್ವಲ್ಪ ವಿಶ್ರಾಂತಿ ಕೊಟ್ಟು ಮತ್ತೆ ಮಾಡಿಸಿ.

ಇಷ್ಟಾದ ಮೇಲೆ ನಿಜವಾದ ಸ್ವಾರಸ್ಯ. ಇನ್ನೊಂದು ಹಾಳೆಯಲ್ಲಿ ಅದೇ ಜಾಗದ ಮೂಲಕ ಹಾಯುವಂತೆ ಅರ್ಧ ಸೆಂ.ಮೀ. ದಪ್ಪದ ಅಡ್ಡಪಟ್ಟಿ ಬರೆದು, ಅಂಧಬಿಂದುವಿನೊಳಗೆ ಬೀಳುವ 2 ಸೆಂ.ಮೀ. ಖಾಲಿ ಬಿಡುತ್ತೇನೆ. ನೋಡುವವರಿಗೆ ಪಟ್ಟಿ ಎಲ್ಲೂ ತುಂಡಾಗಿಲ್ಲ! ಹಳದಿ ಹಾಳೆಯ ಮೇಲೆ ಒಂದು ಸೆಂ.ಮೀ. ಅಗಲದ ಕೆಂಪು ಚುಕ್ಕೆ ಇಟ್ಟರೆ, ಕಪ್ಪು ತೂತು ಕಾಣುವುದಿಲ್ಲ, ಅಲ್ಲಿಯೂ ಹಳದಿಯೇ ಕಾಣುತ್ತದೆ.

ಆದರೆ ಪಟ್ಟಿಯ ಬಲ ತುಂಡನ್ನು ಬಿಳಿ ಕಾಗದದಿಂದ ಮುಚ್ಚಿ ನೋಡಿ. ಎಡ ತುಂಡು ಅಂಧಬಿಂದುವಿನ ಅಂಚಿಗೇ ನಿಂತುಬಿಡುತ್ತದೆ, ಒಳಕ್ಕೆ ಬೆಳೆಯುವುದಿಲ್ಲ. ಎರಡೂ ಬದಿಯಿಂದ ಸಾಕ್ಷಿ ಸಿಕ್ಕರೆ ಮಾತ್ರ ಮೆದುಳು ಗೆರೆಯನ್ನು ಜೋಡಿಸುತ್ತದೆ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ.